ಸಾಕವ್ವನನ್ನು ಎಲ್ಲಿ ನೋಡೋಣ? ಕರ್ನಾಟಕ ಚಲನಚಿತ್ರ ಅಕಾಡೆಮಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ. ನಾನು ತಿಪಟೂರಿನವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಸಿನಿಮಾ ನೋಡುವುದು ಬಿಟ್ಟರೆ ಆ ರಂಗದ ಜೊತೆ ನನಗೆ ಬೇರೆ ನಂಟಿಲ್ಲ. ಆದರೂ ಈ ಪತ್ರ ಬರೆಯುತ್ತಿದ್ದೇನೆ. ಯಾಕೆಂದರೆ ನನ್ನ ತರಗತಿಯ ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇರಬೇಕು ಅನ್ನೋದು ನನ್ನ ಆಸೆ.

ಹೋದ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ, ಸಿಲಬಸ್ಸಿನಲ್ಲಿ ಇಲ್ಲದಿದ್ದರೂ, ದೇವನೂರ ಮಹಾದೇವ ಅವರ 'ಒಡಲಾಳ'ದ ಕತೆ ಹೇಳಿದೆ. ಕಳೆದುಹೋದ ಹುಂಜ, ಅದಕ್ಕಾಗಿ ಹಟ್ಟಿಯನ್ನೆಲ್ಲ ಜಾಲಾಡುವ ಸಾಕವ್ವ, ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ಕಡಲೆಕಾಯಿ ತಿನ್ನುವ ಆ ಹೊತ್ತು. ಮಕ್ಕಳು ಪಿಟ್ಟೆನ್ನದೆ ಕೇಳಿದರು. ಮುಗಿದ ಮೇಲೆ ನಾನು, 'ಇದು ನಾಟಕವೂ ಆಗಿದೆ. ಸಾಕವ್ವನ ಪಾತ್ರ ಮಾಡಿದ್ದು ಉಮಾಶ್ರೀ' ಅಂದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು.

'ಯಾರು ಮಿಸ್, ಪುಟ್ಟಕ್ಕನಾ?'

'ಹೌದು, ಟಿವಿ ಧಾರಾವಾಹಿಯ ಪುಟ್ಟಕ್ಕನೇ.'

'ಹಂಗಾದ್ರೆ ಅದನ್ನ ಎಲ್ಲಿ ನೋಡಬಹುದು ಮಿಸ್?'

'ಹುಡುಕಿ ಹೇಳ್ತೀನಿ, ಕೂತ್ಕೊ' ಅಂದೆ. ಅವತ್ತಿನಿಂದ ಹುಡುಕುತ್ತಿದ್ದೇನೆ.

ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶಿಸಿದ ಆ ನಾಟಕವನ್ನು ನೋಡಿದವರು ಇವತ್ತಿಗೂ ಅದರ ಬಗ್ಗೆ ಮಾತಾಡುವಾಗ ದನಿ ತಗ್ಗಿಸುತ್ತಾರೆ. ನಮ್ಮ ಶಾಲೆಯಿಂದ ನಿವೃತ್ತರಾದ ಹಿರಿಯ ಮೇಷ್ಟ್ರೊಬ್ಬರು ಅದನ್ನು ನೋಡಿದ್ದಾರೆ. ಸಾಕವ್ವ ನೆಲಕ್ಕೆ ಕೂರುವುದನ್ನು ಅವರು ತಮ್ಮ ಎಪ್ಪತ್ತು ದಾಟಿದ ಮಂಡಿಯನ್ನೇ ಬಗ್ಗಿಸಿ ಸ್ಟಾಫ್ ರೂಮಿನಲ್ಲಿ ನನಗೆ ತೋರಿಸಿದರು. ಒಂದು ಕೈ ನೆಲದ ಮೇಲೆ, ಇನ್ನೊಂದು ಸೊಂಟದ ಮೇಲೆ, ಆಮೇಲೆ ಒಂದು ಉದ್ದನೆಯ ಉಸಿರು. 'ಆ ಉಸಿರಿನಲ್ಲೇ ಇಡೀ ಕೇರಿ ಇತ್ತಮ್ಮ' ಅಂದರು. ನನಗೆ ಸಿಕ್ಕ ದಾಖಲೆ ಅಂದರೆ ಅದೊಂದೇ. ಒಬ್ಬ ಪ್ರೇಕ್ಷಕನ ಮಂಡಿ, ಒಬ್ಬ ಪ್ರೇಕ್ಷಕನ ನೆನಪು.

ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಹಳೆಯ ಟೇಪುಗಳಿರುವ ಒಂದು ಕಚೇರಿಯ ಬಾಗಿಲನ್ನೂ ತಟ್ಟಿದೆ. ಅಲ್ಲಿದ್ದವರು ಪಾಪ ಒಳ್ಳೆಯವರು, ಕಪಾಟು ತೆಗೆದು ತೋರಿಸಿದರು. ಒಂದು ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಚೀಟಿ ಅಂಟಿಸಿದ್ದರು. ಮೇಲಿನದು ಮೂಲೆಯಲ್ಲಿ ಕಿತ್ತು ಬಂದಿತ್ತು. ಅದರ ಕೆಳಗೆ ಇನ್ನೊಂದು ಹೆಸರು, ನೀಲಿ ಶಾಯಿ, ಅರ್ಧ ಅಳಿಸಿತ್ತು. ಯಾವುದೋ ನಾಟಕದ ಹೆಸರು ಅಂತ ಮಾತ್ರ ಗೊತ್ತಾಯಿತು. 'ಆಗ ಟೇಪಿಗೆ ದುಡ್ಡು ಜಾಸ್ತಿ ಮೇಡಂ, ಹಳೇದರ ಮೇಲೇ ಹೊಸದು ರೆಕಾರ್ಡ್ ಮಾಡ್ತಿದ್ರು' ಅಂದರು. ನಾನು ಬೆರಳಿನಿಂದ ಆ ಚೀಟಿಯ ಮೂಲೆಯನ್ನು ಮತ್ತೆ ಅಂಟಿಸಿ ಬಂದೆ. ಕೆಳಗಿದ್ದ ನಾಟಕದಲ್ಲಿ ಯಾರು ಯಾರು ಇದ್ದರೋ, ಅವರಲ್ಲಿ ಎಷ್ಟು ಹೆಣ್ಣುಮಕ್ಕಳು ಇದ್ದರೋ ಅಂತ ಬಸ್ಸಿನಲ್ಲಿ ಊರು ತಲುಪುವವರೆಗೂ ಯೋಚನೆ.

ಉಮಾಶ್ರೀಯವರು ಹುಟ್ಟಿದ ನೊಣವಿನಕೆರೆ ನಮ್ಮ ತಾಲೂಕಿನದೇ. ಹಾಗಾಗಿ ನನಗೆ ಸ್ವಲ್ಪ ಜಾಸ್ತಿ ಪ್ರೀತಿ ಇರಬಹುದು, ಒಪ್ಪುತ್ತೇನೆ. ಆದರೆ ನಾನು ಕೇಳುತ್ತಿರುವುದು ಊರಿನವರು ಅನ್ನೋ ಕಾರಣಕ್ಕಲ್ಲ. ಕನ್ನಡದಲ್ಲಿ ಪೋಷಕ ನಟಿಯೊಬ್ಬರ ಬದುಕು ಎಲ್ಲೆಲ್ಲಿ ಹರಿದು ಹೋಗುತ್ತದೆ, ಎಲ್ಲೆಲ್ಲಿ ಇಂಗಿ ಹೋಗುತ್ತದೆ ಅನ್ನುವುದನ್ನು ಅವರ ಒಬ್ಬರ ಕೆಲಸ ನೋಡಿದರೇ ತಿಳಿಯುತ್ತದೆ.

ನನ್ನ ವಯಸ್ಸಿನವರಿಗೆ ಅವರು ಮೊದಲು ಪರಿಚಯವಾಗಿದ್ದು ನಗೆಪಾತ್ರಗಳಲ್ಲಿ. 1984ರಲ್ಲಿ ಕಾಶೀನಾಥ್ ಅವರ 'ಅನುಭವ' ಬಂತು. ಆಮೇಲೆ ಎನ್.ಎಸ್. ರಾವ್ ಜೊತೆಗಿನ ಜೋಡಿ. ಮನೆಯಲ್ಲಿ ದೊಡ್ಡವರು ಇಂಥ ಸೀನ್ ಬಂದರೆ ಚಾನೆಲ್ ಬದಲಿಸುತ್ತಿದ್ದರು. ಎರಡರ್ಥದ ಮಾತಿನ ನಟಿ ಅಂತ ಒಂದು ಮುದ್ರೆ ಬಿತ್ತು. ವರ್ಷಗಟ್ಟಲೆ ಆ ಮುದ್ರೆಯನ್ನು ಹೊತ್ತುಕೊಂಡೇ ಅವರು ದುಡಿದರು. ಆ ಸೀನುಗಳನ್ನು ಈಗ ಮತ್ತೆ ನೋಡಿ. ಮಾತು ಬರೆದವರು ಬೇರೆಯವರು, ಅದು ಹೇಗಿದೆಯೋ ಹಾಗಿದೆ. ಆದರೆ ಆ ಮಾತು ಮುಗಿಯುವ ಕೂದಲೆಳೆಯಷ್ಟು ಮುಂಚೆ ಅವರ ಹುಬ್ಬು ಮೇಲೇರುತ್ತದೆ. ಎದುರಿಗಿದ್ದವನು ಮಾತಾಡುವಾಗ ಅವರ ಮುಖ ಸುಮ್ನೆ ಇರುವುದಿಲ್ಲ, ಕೇಳಿಸಿಕೊಳ್ಳುತ್ತಿರುತ್ತದೆ. ಕೇಳಿಸಿಕೊಳ್ಳುವ ನಟನೆ ಬಹಳ ಕಷ್ಟ. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ನಾಟಕ ಮಾಡಿಸುವ ನನಗೆ ಅದು ಚೆನ್ನಾಗಿ ಗೊತ್ತು. ತನ್ನ ಡೈಲಾಗ್ ಮುಗಿದ ತಕ್ಷಣ ಮಗು ಮರದಂತೆ ನಿಂತುಬಿಡುತ್ತದೆ.

1995ರ 'ಪುಟ್ನಂಜ' ನೆನಪಿದೆಯಲ್ವಾ? ಅದರಲ್ಲಿ ಅವರು ಅಜ್ಜಿ. ಪುಟ್ಮಲ್ಲಿ. ಆಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಮೊಮ್ಮಗನ ಪಾತ್ರ ಮಾಡಿದ ರವಿಚಂದ್ರನ್ ಉಮಾಶ್ರೀಯವರಿಗಿಂತ ನಾಲ್ಕೇ ವರ್ಷ ಚಿಕ್ಕವರು. ಈ ಲೆಕ್ಕ ನಮ್ಮ ಸಿನಿಮಾಕ್ಕೆ ಹೊಸದಲ್ಲ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್ ಅವರಿಗೆ ನಾಯಕಿಯಾಗಿದ್ದ ಪಂಢರಿಬಾಯಿ ಮುಂದೆ ಅವರಿಗೇ ತಾಯಿಯಾದರು. ನಾಯಕ ನಾಯಕನಾಗಿಯೇ ಉಳಿದರು, ನಾಯಕಿ ತಲೆಗೆ ಬಿಳಿ ಬಳಿದುಕೊಂಡರು. ಅದರಲ್ಲಿ ನನಗೆ ನೋವಿದೆ. ಆದರೆ ಪುಟ್ಮಲ್ಲಿಯನ್ನು ನೋಡುತ್ತಾ ಕೂತರೆ ನೋವಿನ ಜೊತೆ ಬೆರಗೂ ಆಗುತ್ತದೆ. ಮೂವತ್ತೆಂಟರ ಹೆಣ್ಣು ಅಷ್ಟು ವಯಸ್ಸಾದ ಬೆನ್ನನ್ನು ಎಲ್ಲಿಂದ ತಂದರು? ನಮ್ಮ ಬೀದಿಯ ಕೊನೆಮನೆ ಅಜ್ಜಿಯೂ ಹಾಗೇ ನಡೆಯುತ್ತಿದ್ದರು. ಊರುಗೋಲು ಮುಂದೆ ಹೋಗುತ್ತಿತ್ತು, ಮೈ ಆಮೇಲೆ ಬರುತ್ತಿತ್ತು.

'ಕೊಟ್ರೇಶಿ ಕನಸು', ಯೋಗರಾಜ ಭಟ್ಟರ ಮೊದಲ ಚಿತ್ರ 'ಮಣಿ', ಹೀಗೆ ಪಟ್ಟಿ ಬೆಳೆಯುತ್ತದೆ. ಅದನ್ನೆಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಸ್ವಲ್ಪ ಹೊತ್ತು ನಿಲ್ಲುವುದು 'ಗುಲಾಬಿ ಟಾಕೀಸ್' ಹತ್ತಿರ.

ವೈದೇಹಿಯವರ ಕತೆಯನ್ನು ಇಟ್ಟುಕೊಂಡು ಗಿರೀಶ ಕಾಸರವಳ್ಳಿಯವರು ಮಾಡಿದ ಸಿನಿಮಾ. ಗುಲಾಬಿ ಕರಾವಳಿಯ ಮೀನುಗಾರರ ಹಳ್ಳಿಯಲ್ಲಿರುವ ಸೂಲಗಿತ್ತಿ. ಗಂಡ ಬಿಟ್ಟುಹೋಗಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ. ಅವಳಿಗಿರುವುದು ಒಂದೇ ಹುಚ್ಚು, ಸಿನಿಮಾ. ಒಂದು ಕಷ್ಟದ ಹೆರಿಗೆ ಮಾಡಿಸಿದ್ದಕ್ಕೆ ಆ ಮನೆಯವರು ಅವಳಿಗೆ ಬಣ್ಣದ ಟಿವಿ ಕೊಡಿಸುತ್ತಾರೆ, ಜೊತೆಗೆ ಡಿಶ್ಶು. ಗಂಡಸರು ಕಡಲಿಗೆ ಹೋದ ಮೇಲೆ ಹೆಂಗಸರೆಲ್ಲ ಅವಳ ಗುಡಿಸಲಿಗೆ ಬರುತ್ತಾರೆ. ಕೆಲವರು ಒಳಗೆ ಕೂರುತ್ತಾರೆ. ಅವಳು ಮುಸ್ಲಿಂ ಅನ್ನುವ ಕಾರಣಕ್ಕೆ ಕೆಲವರು ಹೊರಗೇ ನಿಂತು ನೋಡುತ್ತಾರೆ, ಇನ್ನು ಕೆಲವರು ಬರುವುದೇ ಇಲ್ಲ. ಆಮೇಲೆ ಕಾರ್ಗಿಲ್ ಯುದ್ಧದ ಕಾಲ ಬರುತ್ತದೆ, ಊರಿನ ಗಾಳಿ ಕೆಡುತ್ತದೆ. ಕೊನೆಗೆ ಗುಲಾಬಿ ಆ ಊರಿನಲ್ಲಿ ಉಳಿಯಲು ಆಗುವುದಿಲ್ಲ.

ಈ ಪಾತ್ರಕ್ಕೆ ಉಮಾಶ್ರೀಯವರಿಗೆ 2008ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಅದಕ್ಕೂ ಮೊದಲು ಕನ್ನಡ ಚಿತ್ರದ ನಟನೆಗೆ ಆ ಪ್ರಶಸ್ತಿ ತಂದವರು 'ಕಾಡು' ಚಿತ್ರದ ನಂದಿನಿ ಭಕ್ತವತ್ಸಲ, 'ಹಸೀನಾ' ಚಿತ್ರದ ತಾರಾ. ಇಷ್ಟು ವರ್ಷ ಯಾರು ಚಾನೆಲ್ ಬದಲಿಸುತ್ತಿದ್ದರೋ ಅವರೇ ಅವತ್ತು 'ನಮ್ಮ ಉಮಾಶ್ರೀ' ಅಂದರು. ನಮ್ಮ ಮನೆಯಲ್ಲೂ ಅಂದರು. ನನಗೆ ಖುಷಿಯಾಯಿತು. ಆದರೆ ಗುಲಾಬಿಯನ್ನು ಮಾಡಿದ ಅದೇ ಕಿವಿ, ಅದೇ ಹುಬ್ಬು, ಆ ನಗೆಸೀನುಗಳಲ್ಲೂ ಇತ್ತಲ್ವಾ? ನಾವು ನೋಡಿರಲಿಲ್ಲ, ಅಷ್ಟೇ.

ನಂತರ 2021ರ ಡಿಸೆಂಬರ್‌ನಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾಯಿತು. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಬೆಳೆಸುವ ತಾಯಿ. ಸಿನಿಮಾದಲ್ಲಿ ಟಿವಿಯ ಸುತ್ತ ಊರಿನ ಹೆಂಗಸರನ್ನು ಕೂಡಿಸಿದ ಗುಲಾಬಿ ಈಗ ತಾನೇ ಟಿವಿಯೊಳಗೆ ಬಂದು ಕೂತಿದ್ದಳು, ನಾವೆಲ್ಲ ಸುತ್ತ ಕೂತೆವು. ನಮ್ಮ ಕಡೆ ಕೊಬ್ಬರಿ ಸುಲಿಯುವ ಹೆಂಗಸರು ಸಂಜೆ ಕೈ ತೊಳೆದುಕೊಂಡು ನಮ್ಮಮ್ಮನ ಪಕ್ಕ ಬಂದು ಕೂರುತ್ತಿದ್ದರು. ಪುಟ್ಟಕ್ಕ ಸೆರಗಿಗೆ ಕೈ ಒರೆಸಿಕೊಂಡಾಗ ಒಬ್ಬಾಕೆ ಅಂದ ಮಾತು ನನಗೆ ಮರೆಯುವುದಿಲ್ಲ. 'ನೋಡ್ರಕ್ಕ, ಬೆರಳಿನ ಸಂದೀನೂ ಒರೆಸ್ತಾಳೆ. ಒಲೆ ಮುಂದೆ ಇದ್ದೋಳ ಕೈ ಅದು.' ಯಾವ ವಿಮರ್ಶಕರೂ ಇದಕ್ಕಿಂತ ಚೆನ್ನಾಗಿ ಬರೆದಿದ್ದನ್ನು ನಾನು ಓದಿಲ್ಲ.

ಧಾರಾವಾಹಿಯ ನಟನೆ ಅಂದರೆ ಮೂಗು ಮುರಿಯುವವರು ನಿಮ್ಮ ನಡುವೆಯೂ ಇರಬಹುದು. ಅವರಿಗೆ ಒಂದು ಮಾತು. ಅಲ್ಲಿ ದಿನಕ್ಕೊಂದು ಕಂತು ಬೇಕು. ಡೈಲಾಗ್ ಹಾಳೆ ಎಷ್ಟೋ ಸಲ ಸೆಟ್ಟಿನಲ್ಲೇ ಕೈಗೆ ಬರುತ್ತದೆ. ಕ್ಯಾಮೆರಾ ಪಕ್ಕದಿಂದ ಒಬ್ಬರು ಮಾತು ಹೇಳಿಕೊಡುತ್ತಿರುತ್ತಾರೆ, ಪ್ರಾಂಪ್ಟಿಂಗ್ ಅಂತಾರಲ್ಲ, ಅದು. ಒಂದು ಕಿವಿಯಲ್ಲಿ ಮುಂದಿನ ಮಾತು ಕೇಳಿಸಿಕೊಳ್ಳುತ್ತಾ, ಬಾಯಲ್ಲಿ ಈಗಿನ ಮಾತು ಆಡುತ್ತಾ, ಕಣ್ಣಲ್ಲಿ ಎದುರಿಗಿರುವ ಮಗಳ ಮೇಲೆ ಪ್ರೀತಿ ಇಟ್ಟುಕೊಳ್ಳಬೇಕು. ಹೀಗೆ ತಿಂಗಳಲ್ಲ, ವರ್ಷಗಟ್ಟಲೆ. ರಂಗಭೂಮಿಯ ಗರಡಿಯಲ್ಲಿ ಪಳಗಿದವರಿಗೆ ಮಾತ್ರ ಇದು ಸಲೀಸು. ಅರವತ್ತು ದಾಟಿದ ಮೇಲೆ ಅವರು ಇದನ್ನು ಮಾಡಿದರು. ಅದರ ನಡುವೆಯೇ 'ಶರ್ಮಿಷ್ಠೆ' ಅಂತ ಏಕವ್ಯಕ್ತಿ ನಾಟಕ ಹೊತ್ತುಕೊಂಡು ಊರೂರು ಸುತ್ತಿದರು. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಜೊತೆ ಯಕ್ಷಗಾನದ ಮಂಥರೆಯಾಗಿಯೂ ರಂಗಸ್ಥಳ ಹತ್ತಿದರು.

ರಾಜಕೀಯದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ತೇರದಾಳದಿಂದ ಗೆದ್ದರು, 2013ರಿಂದ 2018ರವರೆಗೆ ಕನ್ನಡ ಮತ್ತು ಸಂಸ್ಕೃತಿ ಖಾತೆಯೂ ಅವರ ಕೈಲಿತ್ತು. ಅವರ ಪಕ್ಷ ಒಪ್ಪುವವರೂ ಒಪ್ಪದವರೂ ಇದ್ದಾರೆ. ಅದು ಬೇರೆ ವಿಷಯ. ನಾನು ಹೇಳುವುದು ಇಷ್ಟು: ನನ್ನ ಕೆಲಸವನ್ನು ಉಳಿಸಿಡಿ ಅಂತ ಯಾವ ಕಲಾವಿದೆಯೂ ತಾನಾಗಿ ಕೇಳುವುದಿಲ್ಲ, ಮಂತ್ರಿಯಾದರೂ ಕೇಳುವುದಿಲ್ಲ. ಅದನ್ನು ನೋಡಿದವರು ಕೇಳಬೇಕು. ಅದಕ್ಕೇ ಕೇಳುತ್ತಿದ್ದೇನೆ.

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂತು. ಅದರ ಒಂದು ಪ್ರಿಂಟ್ ಕೂಡ ಇವತ್ತು ಉಳಿದಿಲ್ಲ. ಅದರಲ್ಲಿ ಇಂದ್ರಜಿತುವಿನ ತಾಯಿ ಮಂಡೋದರಿಯ ಪಾತ್ರ ಮಾಡಿದವರು ಲಕ್ಷ್ಮೀಬಾಯಿ. ಕನ್ನಡ ಬೆಳ್ಳಿತೆರೆಯಲ್ಲಿ ಮಾತಾಡಿದ ಮೊದಲ ತಾಯಿ ಅವರೇ ಇರಬೇಕು ಅಂತ ನಾನು ಆಗಾಗ ಅಂದುಕೊಳ್ಳುತ್ತೇನೆ. ಮಗ ಯುದ್ಧಕ್ಕೆ ಹೊರಟಾಗ ಆ ತಾಯಿ ಹೇಗೆ ನೋಡಿದರು? ದನಿ ಹೇಗಿತ್ತು? ಯಾರಿಗೂ ಗೊತ್ತಿಲ್ಲ. ಅವತ್ತು ಉಳಿಸಿಕೊಳ್ಳುವ ಅನುಕೂಲ ಇರಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ಇವತ್ತು ಆ ಮಾತು ಹೇಳೋಕಾಗುತ್ತಾ?

ಈಚೆಗೆ ಎಷ್ಟು ಜನರನ್ನು ಕಳೆದುಕೊಂಡೆವು ನೋಡಿ. ಬಾಲಕೃಷ್ಣ, ನರಸಿಂಹರಾಜು, ದ್ವಾರಕೀಶ್ ಅವರ ಜೊತೆಯೆಲ್ಲ ನಗಿಸಿದ, ಆಮೇಲೆ ಧಾರಾವಾಹಿಗಳಲ್ಲೂ ಬಂದ ಬಿ. ಜಯಾ 2021ರ ಜೂನ್‌ನಲ್ಲಿ ಹೋದರು. ಕೊರೋನಾ ಕಾಲ, ಮನೆಯೊಳಗಿದ್ದ ನಮಗೆ ಸುದ್ದಿ ಒಂದು ಸಾಲಿನಲ್ಲಿ ಬಂದು ಹೋಯಿತು. ಆ ಪುಟ್ಟ ಮೈಯಲ್ಲಿ ಅಷ್ಟು ದೊಡ್ಡ ನಟರ ಎದುರು ನಿಂತು ಸೀನ್ ಕಿತ್ತುಕೊಳ್ಳುವುದನ್ನು ಅವರು ಎಲ್ಲಿ ಕಲಿತರು? ಯಾರಾದರೂ ಕೂರಿಸಿ ಕೇಳಿದ್ದರೆ ಹೇಳುತ್ತಿದ್ದರು. ಅಪರ್ಣಾ 2024ರ ಜುಲೈನಲ್ಲಿ ಹೋದರು. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಲ್ಲಿ ಶುರುಮಾಡಿ, ಟಿವಿಯಲ್ಲಿ ನಿರೂಪಣೆ, ಧಾರಾವಾಹಿ, ಹಾಸ್ಯ ಎಲ್ಲ ಮಾಡಿದವರು. ಬೆಂಗಳೂರಿಗೆ ಹೋದಾಗ ಮೆಟ್ರೋ ಹತ್ತಿದೆ. 'ಮುಂದಿನ ನಿಲ್ದಾಣ' ಅಂತ ಅವರ ದನಿ ಕೇಳಿ ಎದೆ ಝಲ್ಲೆಂದಿತು. ಪಕ್ಕದಲ್ಲಿ ನಿಂತ ಹೆಂಗಸೂ ತಲೆಯೆತ್ತಿ ಸ್ಪೀಕರ್ ಕಡೆ ನೋಡಿದರು, ಇಬ್ಬರೂ ಏನೂ ಮಾತಾಡಲಿಲ್ಲ. ಆ ಸ್ವಚ್ಛ ಕನ್ನಡವನ್ನು ದಿನವೂ ನಮ್ಮ ಕಿವಿಗೆ ಹಾಕುತ್ತಿರುವುದು ಒಂದು ರೈಲು. ರೈಲು ಓಡಿಸುವವರಿಗೆ ನಿಲ್ದಾಣದ ಹೆಸರು ಹೇಳಲು ಒಂದು ದನಿ ಬೇಕಿತ್ತು, ಅದರಿಂದ ಆ ದನಿ ಉಳಿಯಿತು. ಉಳಿಸುವುದೇ ಕೆಲಸವಾಗಿರುವ ನಮ್ಮ ಅಕಾಡೆಮಿ ಇನ್ನೂ ಎಷ್ಟು ಮಾಡಬಹುದು!

ಹಾಗಾಗಿ ನನ್ನ ಬೇಡಿಕೆ ಇದು. ಈ ಪೋಷಕ ನಟಿಯರನ್ನು ಅವರು ಇರುವಾಗಲೇ ದಾಖಲಿಸಿ.

ದಾಖಲಿಸುವುದು ಅಂದರೆ ಸನ್ಮಾನ ಅಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಹತ್ತು ನಿಮಿಷದ ಸಾಕ್ಷ್ಯಚಿತ್ರ, ಅದರಲ್ಲಿ ಐದು ನಿಮಿಷ ಗಣ್ಯರ ಮಾತು, ಇವು ಬೇಡ. ಒಂದು ವಾರ ಅವರ ಜೊತೆ ಕೂರಿ. ಅವರದೇ ಹಳೆಯ ಸೀನುಗಳನ್ನು ಅವರಿಗೆ ಹಾಕಿ ತೋರಿಸಿ. ನಿಲ್ಲಿಸಿ, ಕೇಳಿ. ಇಲ್ಲಿ ಯಾಕೆ ತಿರುಗಿದಿರಿ? ಈ ನಡಿಗೆ ಯಾರದು? ಡಬ್ಬಿಂಗ್‌ನಲ್ಲಿ ಈ ನಗು ಹೇಗೆ ಕೂರಿಸಿದಿರಿ? ಆಗ ಎಷ್ಟು ದಿನದ ಕಾಲ್‌ಶೀಟ್, ಎಷ್ಟು ಸಂಭಾವನೆ, ಬಟ್ಟೆ ಬದಲಿಸಲು ಜಾಗ ಇತ್ತಾ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು? ಇದೆಲ್ಲ ಕನ್ನಡ ಸಿನಿಮಾದ ಚರಿತ್ರೆ ಅಲ್ವಾ? ನಿರ್ದೇಶಕರ ಕಡೆಯ ಚರಿತ್ರೆ ಪುಸ್ತಕಗಳಲ್ಲಿದೆ, ನಾಯಕರ ಕಡೆಯದು ಅಭಿಮಾನಿಗಳ ಬಾಯಲ್ಲಿದೆ. ಮೂರನೇ ಸಾಲಿನಲ್ಲಿ ನಿಂತು ಸೀನನ್ನು ಎತ್ತಿ ಹಿಡಿದವರ ಕಡೆಯದು ಅವರ ತಲೆಯೊಳಗೆ ಮಾತ್ರ ಇದೆ.

ರಂಗದ ಕೆಲಸವನ್ನೂ ಸೇರಿಸಿ. ನಿಮ್ಮದು ಚಲನಚಿತ್ರ ಅಕಾಡೆಮಿ, ನಾಟಕಕ್ಕೆ ಬೇರೆ ಅಕಾಡೆಮಿ ಇದೆ ಅಂತ ದಯವಿಟ್ಟು ಹೇಳಬೇಡಿ. ಉಮಾಶ್ರೀಯವರ ಗುಲಾಬಿಯನ್ನು ಅವರ ಸಾಕವ್ವನಿಂದ ಬಿಡಿಸಿ ನೋಡಲು ಆಗುವುದಿಲ್ಲ. ಬಿ. ಜಯಶ್ರೀಯವರು ಇದ್ದಾರೆ. ಗುಬ್ಬಿ ವೀರಣ್ಣನವರ ಮೊಮ್ಮಗಳು, ನಮ್ಮ ಜಿಲ್ಲೆಯ ಹೆಮ್ಮೆ. 'ನಾಗಮಂಡಲ'ದ ಕುರುಡವ್ವನನ್ನು ಅವರ ಕಂಪನಿ ನಾಟಕದ ದನಿಯಿಂದ ಬೇರೆ ಮಾಡೋಕಾಗುತ್ತಾ? ಎರಡೂ ಅಕಾಡೆಮಿಯವರು ಒಂದು ಮಧ್ಯಾಹ್ನ ಒಟ್ಟಿಗೆ ಕೂತರೆ ಇದು ಬಗೆಹರಿಯುವ ವಿಷಯ. 'ಒಡಲಾಳ'ದ ಪೂರ್ತಿ ದಾಖಲೆ ಎಲ್ಲಾದರೂ ಇದ್ದರೆ ಹೊರಗೆ ತನ್ನಿ. ಇಲ್ಲದಿದ್ದರೆ, ಉಮಾಶ್ರೀಯವರಿಗೆ ಮನಸ್ಸಿದ್ದರೆ, ಸಾಕವ್ವನ ನಾಲ್ಕು ದೃಶ್ಯಗಳನ್ನಾದರೂ ಮತ್ತೆ ಮಾಡಿಸಿ ಚಿತ್ರೀಕರಿಸಿ. ಸೆಟ್ ಬೇಡ. ಒಂದು ಚಾಪೆ ಸಾಕು.

ಇನ್ನು ವಾಹಿನಿಗಳ ಮಾತು. ಧಾರಾವಾಹಿ ಮುಗಿದ ಕೂಡಲೇ ಮುಂದಿನದರ ಪ್ರೋಮೋ ಬಂದುಬಿಡುತ್ತದೆ. ಕಲಾವಿದರ ಹೆಸರು ಬಂದರೂ ಓದುವಷ್ಟರಲ್ಲಿ ಮಾಯ. ಅತ್ತೆ, ಅಜ್ಜಿ, ಪಕ್ಕದಮನೆಯಾಕೆ, ಮದುವೆ ದಲ್ಲಾಳಿ, ಇವರ ಹೆಸರೆಲ್ಲ ಪಾತ್ರದ ಹೆಸರಿನಲ್ಲೇ ಮುಳುಗಿ ಹೋಗುತ್ತದೆ. ಸಂತೆಯಲ್ಲಿ ಸಿಕ್ಕರೆ ಜನ ಪಾತ್ರದ ಹೆಸರಿನಿಂದಲೇ ಕರೆಯುತ್ತಾರೆ. ಅದು ಪ್ರೀತಿ, ನಿಜ. ಆದರೆ ಇಪ್ಪತ್ತು ವರ್ಷ ಆದಮೇಲೆ ಆ ಅಜ್ಜಿ ಯಾರು ಅಂತ ಯಾರಾದರೂ ಹುಡುಕಿದರೆ ಏನು ಸಿಗುತ್ತದೆ? ವಾರಕ್ಕೊಮ್ಮೆಯಾದರೂ ಪಾತ್ರದ ಹೆಸರಿನ ಪಕ್ಕ ಕಲಾವಿದರ ಹೆಸರು, ಕನ್ನಡದಲ್ಲಿ, ಓದಲು ಆಗುವಷ್ಟು ಹೊತ್ತು ತೋರಿಸಿ ಅಂತ ನೀವು ವಾಹಿನಿಗಳಿಗೆ ಬರೆಯಿರಿ. ಕಂತುಗಳನ್ನೆಲ್ಲ ಉಳಿಸಿಡಲು ಆಗದಿದ್ದರೆ, ಆಯ್ದ ಕೆಲವನ್ನು ನಿಮ್ಮ ಸಂಗ್ರಹಕ್ಕೆ ಕೊಡಿ ಅಂತ ಕೇಳಿ. ಹಕ್ಕುಸ್ವಾಮ್ಯದ ತೊಡಕು ಇದ್ದೇ ಇರುತ್ತದೆ. ಕೊನೆಪಕ್ಷ ನಂದಿನಿ ಲೇಔಟಿನ ನಿಮ್ಮ ಕಟ್ಟಡಕ್ಕೆ ಬಂದು ಕೂತು ನೋಡುವಂತಾದರೂ ಆಗಲಿ. ನಾನು ಮಕ್ಕಳನ್ನು ಕರೆದುಕೊಂಡು ಬರುತ್ತೇನೆ. ಬೆಳಿಗ್ಗೆ ತಿಪಟೂರಿನಲ್ಲಿ ರೈಲು ಹತ್ತಿದರೆ ಹೊತ್ತಿಗೆ ಸರಿಯಾಗಿ ತಲುಪುತ್ತೇವೆ.

ದುಡ್ಡಿನ ಪ್ರಶ್ನೆ ಬರುತ್ತದೆ ಅಂತ ಗೊತ್ತು. ನೀವು ಪ್ರತಿ ವರ್ಷ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವವನ್ನು ಅಷ್ಟು ಚೆನ್ನಾಗಿ ನಡೆಸುತ್ತೀರಿ. ಹೊರದೇಶದ ಎಂಥೆಂಥ ನಟಿಯರನ್ನು ನಾವು ಅಲ್ಲೇ ಮೊದಲು ನೋಡಿದ್ದು. ಅದೇ ಉತ್ಸವದಲ್ಲಿ ವರ್ಷಕ್ಕೆ ಒಬ್ಬ ಪೋಷಕ ನಟಿಯ ಕೆಲಸಕ್ಕೆ ಒಂದು ಇಡೀ ದಿನ ಕೊಡಿ. ಬೆಳಿಗ್ಗೆ ಅವರ ನಗೆಪಾತ್ರ, ಮಧ್ಯಾಹ್ನ ಅವರ ಗಂಭೀರ ಪಾತ್ರ, ಸಂಜೆ ಅವರೇ ಬಂದು ಮಾತಾಡಲಿ. ವಾರದ ದಾಖಲೆ ಕೆಲಸವೂ ಅದಕ್ಕೇ ಹೊಂದಿಕೊಂಡು ನಡೆದುಹೋಗುತ್ತದೆ. ಟೈಪ್ ಮಾಡುವುದು, ಹೆಸರು ಜೋಡಿಸುವುದು, ಹಳೆಯ ಪತ್ರಿಕೆಗಳಿಂದ ಪಟ್ಟಿ ಮಾಡುವುದು, ಇಂಥ ಕೆಲಸಕ್ಕೆ ನನ್ನಂಥ ಎಷ್ಟೋ ಜನ ರಜೆಯಲ್ಲಿ ಸಂಬಳವಿಲ್ಲದೆ ಬರುತ್ತೇವೆ. ಇದನ್ನು ಸುಮ್ನೆ ಹೇಳುತ್ತಿಲ್ಲ. ನಮ್ಮ ಶಾಲೆಯಿಂದಲೇ ಮೂವರು ಟೀಚರ್‌ಗಳು ಹೂಂ ಅಂದಿದ್ದಾರೆ.

ನೆಲಕ್ಕೆ ಕೂತು ತೋರಿಸಿದ ಆ ನಿವೃತ್ತ ಮೇಷ್ಟ್ರು, ನೀವು ಕರೆದರೆ, ತಾವು ನೋಡಿದ 'ಒಡಲಾಳ'ದ ಬಗ್ಗೆ ನೆನಪಿರುವಷ್ಟನ್ನೂ ಹೇಳಲು ಸಿದ್ಧರಿದ್ದಾರೆ. ಅವರಿಗೆ ಈಗ ಕಣ್ಣು ಮಂಜಾಗಿದೆ, ಆದರೆ ನೆನಪು ಗಟ್ಟಿ.

ಪ್ರಶ್ನೆ ಕೇಳಿದ ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಪರೀಕ್ಷೆ ಮುಗಿದರೆ ನಮ್ಮ ಶಾಲೆ ಬಿಟ್ಟು ಹೋಗುತ್ತಾಳೆ. ಹೋದ ವಾರ ಕಾರಿಡಾರಿನಲ್ಲಿ ಸಿಕ್ಕಿದಳು. 'ಸಿಕ್ತಾ ಮಿಸ್?' ಅಂದಳು. 'ಇನ್ನೂ ಇಲ್ಲಮ್ಮ, ಪತ್ರ ಬರೀತಿದ್ದೀನಿ' ಅಂದೆ. ಯಾರಿಗೆ ಅಂತ ಕೇಳಿದಳು, ನಿಮ್ಮ ಹೆಸರು ಹೇಳಿದ್ದೇನೆ.

ವಿಶ್ವಾಸದಿಂದ,
ತಿಪಟೂರಿನ ಒಬ್ಬ ಕನ್ನಡ ಟೀಚರ್